ಗಾಡಿ ಓಡಿಸುವಾಗ ಸ್ವಲ್ಪ ತಾಳ್ಮೆ ಇರಲಿ

ಕಾರ್‌ಪೂಲ್ ಗುಂಪಿನ ಎಲ್ಲರಿಗೂ ನಮಸ್ಕಾರ.

ನಿನ್ನೆ ಸಂಜೆ ಸಿಲ್ಕ್ ಬೋರ್ಡ್ ಹತ್ತಿರ ಒಂದು ಕಾರಿನ ಕನ್ನಡಿಗೆ ಸ್ಕೂಟರ್ ತಗುಲಿತು. ಗೀರು ಕೂಡ ಬಿದ್ದಿರಲಿಲ್ಲ. ಆದರೂ ಕಾರಿನವರು ಇಳಿದು ಬಂದು ಹುಡುಗನ ಕಾಲರ್ ಹಿಡಿದರು. ಹಿಂದೆ ಕೂತಿದ್ದ ಅವನ ತಾಯಿ ಕೈ ಮುಗಿಯುತ್ತಿದ್ದರು. ಆ ಮುಖ ರಾತ್ರಿಯೆಲ್ಲಾ ನನ್ನ ಕಣ್ಣ ಮುಂದೆಯೇ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಬ್ಬಾಳ ಇರಲಿ, ಮಾರತಹಳ್ಳಿ ಇರಲಿ, ಜಾಮ್ ಆದರೆ ಎಲ್ಲರೂ ಸಿಕ್ಕಿಕೊಂಡಿರುತ್ತೇವೆ, ಅಲ್ವಾ? ಸುಮ್ನೆ ಹಾರ್ನ್ ಹೊಡೆದರೆ ಮುಂದಿನವರು ಹೋಗುವುದಾದರೂ ಎಲ್ಲಿಗೆ? ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಂತೂ ಹಾರ್ನ್ ಮುಟ್ಟಲೇಬೇಡಿ.

ಯಾರಾದರೂ ಅಡ್ಡ ನುಗ್ಗಿದರೆ ಬಿಟ್ಟುಬಿಡಿ, ಬೆನ್ನಟ್ಟಬೇಡಿ. ತಪ್ಪು ನಿಮ್ಮದಾದರೆ ಕೈ ಎತ್ತಿ ‘ಸಾರಿ’ ಅನ್ನಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮಾತಿಗೆ ಮಾತು ಬೆಳೆದಾಗ ಎದುರಿನವರ ಭಾಷೆ, ಊರನ್ನು ದಯವಿಟ್ಟು ಎಳೆದು ತರಬೇಡಿ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ವಿಷಯ.

ಯಾರಾದರೂ ರೇಗಾಡುತ್ತಾ ಬಂದರೆ ಕಾರಿನಿಂದ ಇಳಿಯಬೇಡಿ. ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, 112ಕ್ಕೆ ಕರೆ ಮಾಡಿ. ಗಾಡಿ ನಂಬರ್ ನೋಡಿಟ್ಟುಕೊಳ್ಳಿ. ಡ್ಯಾಶ್‌ಕ್ಯಾಮ್ ಇದ್ದರೆ ವಿಡಿಯೊ ಉಳಿಸಿಕೊಳ್ಳಿ. ಬೈಕಿನಲ್ಲಿ ಬರುವ ದಿನ ಹೀಗಾದರೆ ಪೆಟ್ರೋಲ್ ಬಂಕ್‌ನಂಥ, ಜನ ಇರುವ ಕಡೆ ನಿಲ್ಲಿಸಿ.

ಬೆಳಿಗ್ಗೆ ತಡವಾದರೆ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ ಸಾಕು. ನಾವು ಕಾಯುತ್ತೇವೆ, ಅವಸರ ಮಾಡಿಕೊಂಡು ಬರಬೇಡಿ.