ಸುಣ್ಣ ಬಳಿಯುವ ಮುಂಚೆ ಒಮ್ಮೆ ಓದಿ, ಸ್ವಾಮಿ

ಮಾನ್ಯ ಶಾಸಕರಿಗೆ, ನಿಮ್ಮ ಕ್ಷೇತ್ರದ ಮತದಾರನೊಬ್ಬನ ನಮಸ್ಕಾರಗಳು.

ದಸರಾ ಹತ್ತಿರ ಬಂತೆಂದು ನಮ್ಮ ಬೀದಿಯ ಉದ್ದನೆ ಕಾಂಪೌಂಡಿಗೆ ಸುಣ್ಣ ಬಳಿದು ಹೋಗಿದ್ದಾರೆ. ಬಳಿದವರ ಮೇಲೆ ದೂರಿಲ್ಲ, ಕೂಲಿಯವರು ಹೇಳಿದ್ದು ಮಾಡಿದರು. ಆದರೆ ಸುಣ್ಣದಡಿ ಏನು ಹೋಯಿತೆಂದು ನಿಮಗೆ ಗೊತ್ತಿರಲಿ. ಮೊದಲು ಯಾರೋ ಇದ್ದಿಲಿನಲ್ಲಿ ‘ನೀರು ಬಿಡ್ರಪ್ಪಾ’ ಎಂದು ಬರೆದಿದ್ದರು. ವಾರ ಕಳೆದ ಮೇಲೆ ಕೆಳಗೆ ಬೇರೆ ಅಕ್ಷರ: ‘ಬಿಟ್ಟವ್ರಲ್ಲಾ, ನೋಡು’. ಮೂರನೆಯವರು ಬರೆಯಲಿಲ್ಲ, ಒಂದು ಬಾಣ ಎಳೆದರು. ಅದು ಕಟ್ಟಿಕೊಂಡು ಉಕ್ಕುವ ಮೋರಿಯ ಕಡೆಗಿತ್ತು. ದಾರಿಹೋಕರಿಗೆ ಅದು ಪಡ್ಡೆಗಳ ಗೀಚಾಟ. ನಮಗೆ ಮೂರು ಜನ ಸೇರಿ ಬರೆದ ಅರ್ಜಿ. ಆ ಮೂವರು ಒಬ್ಬರ ಮುಖ ಒಬ್ಬರು ನೋಡಿದ್ದಾರೋ ಇಲ್ಲವೋ!

ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ತಾವೇ ಮಾಡಿದ ಮೊಸಳೆ ಬೊಂಬೆ ಬಿಟ್ಟದ್ದು ನಿಮಗೂ ನೆನಪಿರಬೇಕು. ಅದೇ ಮೊಸಳೆಯನ್ನು ಪಾರ್ಕಿನಲ್ಲಿಟ್ಟಿದ್ದರೆ ಮಕ್ಕಳು ಹತ್ತಿ ಕೂರುತ್ತಿದ್ದರು, ಅಷ್ಟೆ. ಗುಂಡಿಯೇ ಅದರ ಅರ್ಧ ಮಾತು ಆಡಿತು. ನಮ್ಮ ಬಾಣಕ್ಕೆ ಮೋರಿಯೂ ಹಾಗೆಯೇ.

ಓದುವವರು ಬದಲಾದರೆ ಗೋಡೆಯೂ ಬದಲಾಗುತ್ತದೆ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗವಿದೆ, ಇಂಗ್ಲಿಷರು ಸೋತದ್ದು. (ಅದು ಗೀಚುಬರಹವಲ್ಲ, ಒಪ್ಪಿದೆ.) ಟಿಪ್ಪುವಿಗೆ ಅದು ಮೆರೆಸುವ ಚಿತ್ರ. ಅವನು ಹೋದ ಮೇಲೆ ಅದೇ ಸೋಲಿನ ಚಿತ್ರಕ್ಕೆ ಇಂಗ್ಲಿಷರ ಗವರ್ನರ್ ಜನರಲ್ ಡಾಲ್‌ಹೌಸಿಯೇ ಮತ್ತೆ ಬಣ್ಣ ಹಾಕಿಸಿದ. ಊರು ಕೈಗೆ ಬಂದಿದ್ದವರಿಗೆ ಆ ಸೋಲು ಇನ್ನು ಚುಚ್ಚುತ್ತಿರಲಿಲ್ಲ ಅನ್ನಿಸುತ್ತದೆ.

ಕೋಟೆ, ಗುಡಿಯ ಕಲ್ಲಿನಲ್ಲಿ ಹೆಸರು ಕೆತ್ತಿ ಹೃದಯ ಕೊರೆಯುವವರ ಪರ ನಾನಿಲ್ಲ. ಬಯಲು ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು 1981ರ ಕಾಯ್ದೆಯೂ ಇದೆ. ಇರಲಿ. ಆದರೆ ಅದೇ ಕಾಂಪೌಂಡಿನ ಆ ತುದಿಯಲ್ಲಿ ಮೂಲವ್ಯಾಧಿ ಔಷಧಿಯ ಜಾಹೀರಾತು, ಪಕ್ಕದಲ್ಲಿ ಮುಖಂಡರೊಬ್ಬರ ಹುಟ್ಟುಹಬ್ಬದ ಶುಭಾಶಯ ಹಾಗೇ ಉಳಿದಿವೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅಂತಾರಲ್ಲ, ಇಲ್ಲಿ ಸುಣ್ಣವಂತೂ ನಿಜವಾದದ್ದೇ.

ನಾನು ಕೇಳುವುದು ದೊಡ್ಡದೇನಲ್ಲ. ಬಳಿಸುವ ಮುಂಚೆ ಯಾರಾದರೂ ಆ ಗೋಡೆಯ ಫೋಟೋ ತೆಗೆದು, ಬೀದಿಯವರೊಬ್ಬರನ್ನು ನಿಲ್ಲಿಸಿ ‘ಇದೇನು?’ ಎಂದು ಕೇಳಲಿ. ಕಚೇರಿಯಲ್ಲಿ ಕೂತು ಓದಿದರೆ ಅದು ಬರೀ ಮಸಿ.

ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ನೋಡಿದೆ. ಹೊಸ ಸುಣ್ಣದ ಮೇಲೆ ಮತ್ತೆ ಇದ್ದಿಲು ಬಿದ್ದಿದೆ. ಈ ಸಲ ಅಕ್ಷರ ಒಂದೂ ಇಲ್ಲ, ಬಾಣ ಮಾತ್ರ. ಮೋರಿ ಇನ್ನೂ ಹಾಗೇ ಇದೆ.

ಇಂತಿ,
ನಿಮ್ಮ ಮತದಾರ, ಮೈಸೂರು