ಪೂರ್ತಿ ಪುಸ್ತಕಗಳನ್ನು ಇನ್ನು ಬಿಚ್ಚುವುದಿಲ್ಲ: ಗ್ರಾಹಕರಲ್ಲಿ ಅರಿಕೆ

ಮಾನ್ಯ ಗ್ರಾಹಕರೇ,

ಸಾದರ ನಮಸ್ಕಾರಗಳು. ಬರುವ ತಿಂಗಳ ಒಂದನೇ ತಾರೀಖಿನಿಂದ, ಪೂರ್ತಿಯಾಗಿ ಉಳಿದು ಬಂದಿರುವ ಯಾವ ಹಳೆಯ ಸಚಿತ್ರ ಪುಸ್ತಕವನ್ನೂ ಬಿಚ್ಚಿ ಅದರ ಚಿತ್ರಗಳನ್ನು ನಾವು ಬಿಡಿಯಾಗಿ ಮಾರುವುದಿಲ್ಲ. ಬಿಡಿ ಹಾಳೆಗಳಾಗಿಯೇ ನಮ್ಮ ಕೈಸೇರಿದ ಪ್ರಿಂಟುಗಳು ಎಂದಿನಂತೆ ದೊರೆಯುತ್ತವೆ. ಮೈಸೂರು ಸೀಮೆಯ ದೃಶ್ಯಗಳಿಗಾಗಿ ಹೆಸರು ಬರೆಸಿ ಕಾದಿರುವ ಹಲವರಿಗೆ ಇದರಿಂದ ನಿರಾಸೆಯಾಗುತ್ತದೆಂದು ಬಲ್ಲೆವು. ಅವರೆಲ್ಲರ ಕ್ಷಮೆ ಕೋರುತ್ತೇವೆ.

ಇದು ಬೆಲೆ ಏರಿಸುವ ಉಪಾಯ, ಸರಕನ್ನು ಒಳಗಿಟ್ಟುಕೊಂಡು ಅಭಾವ ತೋರಿಸುತ್ತಿದ್ದೀರಿ ಎಂಬ ಮಾತನ್ನು ಈಚೆಗೆ ಮತ್ತೆ ಮತ್ತೆ ಕೇಳಿ ನಮಗೆ ನೋವಾಗಿದೆ. ತಾಮ್ರದ ತಗಡಿನ ಮೇಲೆ ಆಮ್ಲದಿಂದ ಮೂಡಿಸಿದ ಅಕ್ವಾಟಿಂಟ್ ಚಿತ್ರದ ನವಿರಾದ ಕಣಗಳು, ಕೆಲವು ನೂರು ಪ್ರತಿಗಳು ಅಚ್ಚಾಗುವಷ್ಟರಲ್ಲಿ ಸವೆದು, ಆಕಾಶದ ಛಾಯೆ ಬಡಕಲಾಗುತ್ತದೆ. 1805ರಲ್ಲಿ ಲಂಡನ್ನಿನಲ್ಲಿ ಹೊರಬಂದ, ಚಿತ್ರಕಾರ ಜೇಮ್ಸ್ ಹಂಟರ್ ಅವರ ಮೈಸೂರು ರಾಜ್ಯದ 40 ದೃಶ್ಯಗಳು ಈ ಬಗೆಯವು. ಬಣ್ಣ ತುಂಬಿದ್ದು ಕೈಯಿಂದ. ಅವುಗಳಲ್ಲಿ ಹುಳು, ತೇವ, ಬಿಸಿಲುಗಳಿಗೆ ತುತ್ತಾಗದೆ ಉಳಿದವೆಷ್ಟೋ ಅಷ್ಟೇ ಈಗ ಲೋಕದಲ್ಲಿರುವುದು. ಇನ್ನು ಖರ್ಚಿನ ಮಾತು: ಹರಾಜಿನಲ್ಲಿ ಕೂಗು ನಿಂತ ಬೆಲೆಯ ಮೇಲೆ ಹರಾಜುದಾರರ ಕಮಿಷನ್, ಅದರ ಮೇಲೆ ವಿಮೆ, ವಿಮಾನ ಸಾಗಣೆ, ತೆರಿಗೆ, ಇಲ್ಲಿಗೆ ಬಂದ ಬಳಿಕ ಆಮ್ಲರಹಿತ ರಟ್ಟಿನ ಮೌಂಟು, ಇವೆಲ್ಲ ಸೇರುವ ಹೊತ್ತಿಗೆ ನಾವು ಕೂಗಿದ ಬೆಲೆ ನಮಗೇ ಗುರುತು ಸಿಗುವುದಿಲ್ಲ. ಈ ಅಸಲು ಬೆಂಗಳೂರು, ಶ್ರೀರಂಗಪಟ್ಟಣಗಳ ನಾಲ್ಕೈದು ಚಿತ್ರಗಳಿಂದಲೇ ಗಿಟ್ಟಬೇಕು, ಉಳಿದವು ವರ್ಷಗಟ್ಟಲೆ ಕಪಾಟಿನಲ್ಲಿರುತ್ತವೆ. ಹಾಗಿದ್ದೂ ಇಡೀ ಪುಸ್ತಕ ಮಾರಿದರೆ ಬರುವುದಕ್ಕಿಂತ ಬಿಚ್ಚಿ ಮಾರಿದರೆ ಬರುವ ಹಣವೇ ಹೆಚ್ಚು. ಅದನ್ನು ನಿಲ್ಲಿಸಿದರೆ ಕೈಬಿಡುವುದು ನಮ್ಮ ಲಾಭವೇ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಹಾಗಾದರೆ ಏಕೆ ನಿಲ್ಲಿಸುತ್ತಿದ್ದೇವೆ? ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಅವರ, ಮೈಸೂರು ಸೀಮೆಯ ದೃಶ್ಯಗಳ 1794ರ ಪುಸ್ತಕದ ಒಂದು ಪ್ರತಿಯನ್ನು ನಾವೇ ಬಿಚ್ಚಿ ಮಾರಿದ್ದೆವು. ಅದರ ಬರಹದ ಪುಟಗಳನ್ನು ಯಾರೂ ಕೇಳಲಿಲ್ಲ. ಅವು ಅಂಗಡಿಯ ಮರದ ಪೆಟ್ಟಿಗೆಯಲ್ಲಿ ಉಳಿದವು. ಈಚೆಗೆ ತೆಗೆದು ನೋಡಿದಾಗ, ಒಂದು ಪುಟದಲ್ಲಿ ಎದುರಿನ ಚಿತ್ರದ ಮಸಿ ಇಳಿದು, ಸಾವನದುರ್ಗದ ಬಂಡೆ ಎಡಬಲ ತಿರುಗಿ, ಹೊಗೆಯ ಹಾಗೆ ಅಕ್ಷರಗಳ ಹಿಂದೆ ಮೂಡಿತ್ತು. ಹೊಲಿಗೆಯ ದಾರದ ತುಂಡೊಂದು ಅಂಚಿನಲ್ಲಿ ಇನ್ನೂ ತೂಗುತ್ತಿತ್ತು. ಚಿತ್ರ ಒಬ್ಬರ ಮನೆಯ ಗೋಡೆಯ ಮೇಲಿದೆ, ಅದರ ಕಥೆ ನಮ್ಮ ಪೆಟ್ಟಿಗೆಯಲ್ಲಿದೆ. ಆ ಕತ್ತರಿ ಹಿಡಿದ ಕೈ ನಮ್ಮದು. ಹಳೆಯ ಕಾಗದವನ್ನು ಇಷ್ಟು ಜೋಪಾನವಾಗಿ ನೋಡಿಕೊಳ್ಳುವ ಅಂಗಡಿ ನಮ್ಮದೆಂಬ ಹೆಮ್ಮೆ ಇದ್ದವರಿಗೆ ಆ ಪುಟ ನೋಡಿದ ದಿನ ಊಟ ಸೇರಲಿಲ್ಲ.

ಮುಂಗಡ ಕೊಟ್ಟಿರುವವರು ಬೇಡವೆಂದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಕಾಯುವುದಾದರೆ ಬಿಡಿ ಹಾಳೆ ಬಂದಾಗ ಪಟ್ಟಿಯ ಕ್ರಮದಲ್ಲೇ, ಮೊದಲು ಹೇಳಿದ ಬೆಲೆಗೇ ಕೊಡುತ್ತೇವೆ. ಹೊರದೇಶದಲ್ಲಿರುವ ಕನ್ನಡಿಗರು ಮಾತ್ರ ಒಂದು ವಿಷಯ ಮನ್ನಿಸಬೇಕು: ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನಿಷೇಧಿಸಿದೆ, ಆದ್ದರಿಂದ ಎಷ್ಟು ಕೇಳಿದರೂ ಕಳುಹಿಸಲಾರೆವು.

ಹೋಮ್ ಅವರ ಆ ಪ್ರತಿಯಿಂದ ಚಿತ್ರ ಕೊಂಡವರು ಒಮ್ಮೆ ಅಂಗಡಿಗೆ ಬನ್ನಿ. ನಿಮ್ಮ ಚಿತ್ರಕ್ಕೆ ಸೇರಿದ ಬರಹದ ಪುಟವನ್ನು ಲಕೋಟೆಯಲ್ಲಿಟ್ಟು ಉಚಿತವಾಗಿ ಕೊಡುತ್ತೇವೆ. ಬಿಲ್ಲು ಕಳೆದಿದ್ದರೂ ಚಿಂತೆಯಿಲ್ಲ, ಯಾವ ಹಾಳೆ ಯಾರ ಮನೆಗೆ ಹೋಯಿತೆಂಬುದು ನಮ್ಮ ಲೆಕ್ಕದ ಪುಸ್ತಕದಲ್ಲಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು