ಕಡೀ ಗಾಡಿ ನಿನಗ ಬ್ಯಾಡ

ಚಿ. ಶಿವಲೀಲಾಗ ಕುಕನೂರಿಂದ ನಿನ್ನ ಕಾಕಾನ ಆಶೀರ್ವಾದಗಳು.

ಮನಿ ಸುದ್ದಿ, ಮಳಿ-ಬೆಳಿ ಸುದ್ದಿ ನಿಮ್ಮಪ್ಪ ಫೋನಿನ್ಯಾಗ ಹೇಳೇ ಇರತಾನ, ಅದನ್ನ ಮತ್ತ ಬರಿಯಂಗಿಲ್ಲ. ಕೆನಡಾದಾಗಿನ ರೆವೆಲ್‌ಸ್ಟೋಕ್ ಗುಡ್ಡಕ್ಕ ಆರು ಮಂದಿ ಕೂಡಿ ಸ್ನೋಮೊಬೈಲ್ (ಹಿಮದ ಮ್ಯಾಲ ಓಡೋ ಗಾಡಿ) ಸವಾರಿ, ಮುಂಜಾನೆ ಹೋಗಿ ಸಂಜಿಗೆ ವಾಪಸ್ ಅಂತ ಬರದೀ. ಚಲೋ ಆತು, ಹೋಗು. ಆದ್ರ ನಡುವ ಒಂದು ಸಾಲು ಐತಲ್ಲ, "ನಾ ಹೊಸಬಳು, ನಿಧಾನ ಓಡಸ್ತೀನಿ ಅಂತ ನನ್ನ ಕಡೀಕ ಇಟ್ಟಾರ" ಅಂತ, ಅದು ನನಗ ಸರಿ ಬರಲಿಲ್ಲ.

ಸಾಲಿನ್ಯಾಗ ಕಡೀ ಗಾಡಿ ಅಂದ್ರ ಎಲ್ಲಾರೂ ಜಾಗ ಹಿಡದು ಉಳದದ್ದಲ್ಲ, ಅದೊಂದು ಡ್ಯೂಟಿ. ಲೀಡರ್‌ನಷ್ಟೇ ಗೊತ್ತಿದ್ದವ ಅಲ್ಲಿರಬೇಕು. ಟೂಲ್ ಕಿಟ್, ಹಗ್ಗ, ಫಸ್ಟ್ ಏಡ್ ಅವನ ಗಾಡ್ಯಾಗ. ಹೊಸಬರ ಜಾಗ ಲೀಡರ್‌ನ ಬೆನ್ನಿಗೆ, ಎರಡನೇದು, ಭಾಳಾದ್ರ ಮೂರನೇದು. ಅವರ ವೇಗಕ್ಕ ಸಾಲು ನಡೀಬೇಕು. ಹೊಸಬರನ್ನ ಹಿಂದ ಹಾಕಿದ್ರ ಏನಾಗತೈತಿ ಅಂದ್ರ, ಮುಂದಿನವರು ಓಡಿಸ್ಕೊಂಡು ಹೋಗಿ ತಿರುವಿನ್ಯಾಗ ನಿಂತು ಕಾಯ್ತಾರ, ನೀ ಮುಟ್ಟಿದ ಕೂಡ್ಲೆ ಮತ್ತ ಹೊರಡತಾರ. ಅವರಿಗೆ ದಣಿವಾರಿರತೈತಿ, ನಿನಗ ಇರಂಗಿಲ್ಲ. ದಣದಾಕಿ ಇನ್ನಷ್ಟು ಹಿಂದ ಬೀಳತಾಳ, ಹಿಂದ ಬಿದ್ದಾಕಿ ಮುಟ್ಟಬೇಕಂತ ಥ್ರಾಟಲ್ (ಹೆಬ್ಬಟ್ಟಿಲೆ ಒತ್ತೋ ವೇಗದ ಹಿಡಿಕಿ) ಒತ್ತತಾಳ. ಮರಕ್ಕ ಹೊಡಿಯೋದು ಅಂಥಾ ಹೊತ್ತಿನ್ಯಾಗ.

ಹಿಂದ ಜಾತ್ರಿಗೆ ಚಕ್ಕಡಿ ಸಾಲು ಹೊಂಟಾಗೂ ಎಳೇ ಎತ್ತಿನ ಬಂಡಿ ನಡುವ ಇರತಿತ್ತು, ಕಡೀಕ ಗಟ್ಟಿ ಆಳು, ಕೈಯಾಗ ಕಂದೀಲು. ಇದು ಹೊಸ ವಿದ್ಯಾ ಏನಲ್ಲ. ಅದಕ್ಕ ನನಗ ಹಿಮಕ್ಕಿಂತ ನಿಮ್ಮ ಲೀಡರ್ ಮ್ಯಾಲ ಹೆಚ್ಚು ಸಂಶಯ. ಇಷ್ಟು ಗೊತ್ತಿಲ್ಲದವಗ ಉಳದದ್ದು ಎಷ್ಟು ಗೊತ್ತಿರತೈತಿ?

ಬೆಲ್ಟಿನ ಮಾತೇ ನೋಡು. ಎರಡು ಕ್ಲಚ್ ನಡುವ ಓಡೋ ರಬ್ಬರ್ ಬೆಲ್ಟ್ ಹರದ್ರ ಎಂಜಿನ್ ಕೂಗತೈತಿ, ಗಾಡಿ ಕದಲಂಗಿಲ್ಲ. ಹೆಲ್ಮೆಟ್ಟು, ಎಂಜಿನ್ ಸಪ್ಪಳದಾಗ ಮುಂದಿನವರಿಗೆ ನೀ ಕೂಗಿದ್ದು ಕೇಳಂಗಿಲ್ಲ. ಗೊತ್ತಿದ್ದವರಿಗೆ ಅದು ಸಣ್ಣ ಕೆಲಸ: ಸೈಡ್ ಪ್ಯಾನಲ್ ತಗದು, ಕ್ಲಚ್ಚಿನ ಸಂದ್ಯಾಗಿನ ಹರಕು ನೂಲೆಲ್ಲ ಆರಿಸಿ, ಹೊಸದು ಏರಸೋದು. ನೂಲು ಉಳದ್ರ ಹೊಸ ಬೆಲ್ಟೂ ಹೋಗತೈತಿ. ಸ್ಪೇರ್ ಬೆಲ್ಟ್ ಅದೇ ಮಾಡೆಲ್ ನಂಬರಿಂದಿರಬೇಕು. ಬದಲಿ ಮಾಡಿದ ಮ್ಯಾಲ ಮೊದಲ 30–40 ಕಿ.ಮೀ. ಮೆತ್ತಗ ಓಡಸಬೇಕು. ಹೊಸಬರ ಗಾಡಿದೇ ಬೆಲ್ಟ್ ಹೆಚ್ಚು ಹೋಗೋದು, ಯಾಕಂದ್ರ ಸಿಕ್ಕೊಂಡಾಗ ಅವರು ಥ್ರಾಟಲ್ ಬಿಡಂಗಿಲ್ಲ. ಟ್ರ್ಯಾಕ್ (ಗಾಲಿ ಬದಲು ತಿರುಗೋ ರಬ್ಬರ್ ಪಟ್ಟಿ) ಕೆಳಗ ಕುಣಿ ತೋಡತೈತಿ, ಬೆಲ್ಟ್ ಕಾದು ಸುಡತೈತಿ. ಸಿಕ್ಕೊಂತು ಅನಿಸಿದ ಕೂಡ್ಲೆ ಹೆಬ್ಬಟ್ಟು ತಗೀ. ಎಂಜಿನ್ ಬಂದ್ ಮಾಡಿ ಸ್ಕೀ (ಗಾಡಿ ಮುಂದಿನ ಜಾರುಪಟ್ಟಿ) ಮುಂದಿನ ಹಿಮ ತುಳದು ದಾರಿ ಮಾಡು, ಟ್ರ್ಯಾಕ್ ಬಾಜೂಕಿನ ಹಿಮ ಸಲಿಕಿಲೆ ತಗೀ, ಗಾಡಿನ ಒಂದು ಮಗ್ಗಲಿಗೆ ವಾಲಿಸಿ ಕುಣಿ ತುಂಬು. ಆಮ್ಯಾಲ ಒಬ್ಬರು ಸ್ಕೀ ಹಿಡಿಕಿ ಹಿಡದು ಎಳೀಬೇಕು, ಇನ್ನೊಬ್ಬರು ಹಗೂರಕ ಥ್ರಾಟಲ್ ಕೊಡಬೇಕು. ತಿರುಗೋ ಟ್ರ್ಯಾಕಿನ ಹಿಂದ ಯಾರೂ ನಿಲ್ಲಬಾರದು, ಬರಫಿನ ಗಡ್ಡಿ ಕಲ್ಲಿನಂಗ ಸಿಡೀತಾವ. ಈಗ ನೀನ ಹೇಳು, ಇದಕ್ಕ ಇಬ್ಬರು ಬೇಕಲ್ಲ? ಕಡೀಕ ಇದ್ದಾಕಿಗೆ ಎರಡನೇದವರು ಎಲ್ಲಿಂದ ಬರಬೇಕು?

ನನಗಿದು ಹೆಂಗ ಗೊತ್ತು ಅಂತ ನೀ ಕೇಳಬಹುದು. ಸೈನ್ಯದ ರಿಪೇರಿ ವಿಭಾಗ ಇ.ಎಂ.ಇ.ದಾಗ ಇದ್ದಾಗ ಲಡಾಖ್ ಕಡೆ ಸ್ನೋ ಸ್ಕೂಟರ್ ರಿಪೇರಿ ನಮ್ಮ ಪಾಲಿಗಿತ್ತು. ಮನಿಗೆ ಬರದ ಪತ್ರದಾಗೆಲ್ಲ "ಕ್ಷೇಮ" ಅಷ್ಟ. ನಾ ಎಲ್ಲೋ ಗ್ಯಾರೇಜಿನ್ಯಾಗ ನೆರಳಾಗ ಕುಂತೀನಿ ಅಂತ ಅವ್ವ ತಿಳಕೊಂಡಿದ್ದಳು, ಹೋಗೋತನಕ ಹಂಗ ತಿಳಕೊಂಡ್ಲು. ಹೊಲ ಲಾವಣಿಗೆ ಹೋತು, ಮನಿ ಭಾರ ಎಲ್ಲ ನಿಮ್ಮಪ್ಪನ ಹೆಗಲಿಗೆ ಬಿತ್ತು. ಅದನ್ನ ನೆನಸಿದ್ರ ಈಗೂ ಒಂದು ನಮೂನಿ ಆಗತೈತಿ. ಇರಲಿ. ನೀ ಖರೇ ಸುದ್ದಿ ಬರದಿ, ಅದು ಚಲೋ ಆತು.

ನಮ್ಮ ಕಡೆ ಹಿಮ ಅಂದ್ರ ಮಂದಿಗೆ ನೆನಪಾಗೋದು ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ಕ್ಕ ಸಿಯಾಚಿನ್‌ದಾಗ ಹಿಮದ ಕೆಳಗ ಹೋದ, ಆರು ದಿನದ ಮ್ಯಾಲೂ ಜೀವ ಹಿಡಕೊಂಡು ಸಿಕ್ಕ, 11ಕ್ಕ ದಿಲ್ಲಿಯಾಗ ತೀರಿಕೊಂಡ. ಅಂಥಾದ್ದು ಎಲ್ಲಾರಿಗೂ ಆಗಂಗಿಲ್ಲ ತಂಗಿ. ಹಿಮಕುಸಿತದಾಗ ಹೂತವರನ್ನ ಮೊದಲ 10–15 ನಿಮಿಷದಾಗ ತಗದ್ರ ಬದುಕೋದು ಹೆಚ್ಚು, ಆಮ್ಯಾಲ ಆಸೆ ಭರಭರ ಇಳೀತೈತಿ. ಪೊಲೀಸರು, ರೆಸ್ಕ್ಯೂದವರು ಅಷ್ಟರಾಗ ಬರಂಗಿಲ್ಲ, ತಗಿಯೋರು ಜೋಡಿ ಇದ್ದವರೇ. ಕಡೀಕ ಇದ್ದಾಕಿ ಹೂತ್ರ ಎಲ್ಲಿ ಹೂತಳು ಅಂತ ನೋಡಿದವರು ಯಾರು?

ಅದಕ್ಕ ಅಲ್ಲಿ ಹೋಗೋ ಆರೂ ಮಂದಿಗೆ ಟ್ರಾನ್ಸೀವರ್ (ಹೂತವರನ್ನ ಹುಡುಕೋ ಸಿಗ್ನಲ್ ಯಂತ್ರ), ಪ್ರೋಬ್ (ಹಿಮದಾಗ ಚುಚ್ಚಿ ನೋಡೋ ಉದ್ದ ಕೋಲು), ಸಲಿಕಿ ಬೇಕೇ ಬೇಕು. ಸಲಿಕಿ, ಪ್ರೋಬ್ ಬೆನ್ನಿನ ಚೀಲದಾಗಿರಲಿ, ಗಾಡಿಗೆ ಕಟ್ಟಬ್ಯಾಡ. ಗಾಡಿ ಒಂದು ಕಡೆ, ನೀ ಒಂದು ಕಡೆ ಆದ್ರ ಅದು ಇದ್ದೂ ಇಲ್ಲದಂಗ. ಟ್ರಾನ್ಸೀವರ್ ಅಂಗಿ ಮ್ಯಾಲ, ಜಾಕೀಟಿನ ಒಳಗ. ಫೋನು ಅದರಿಂದ 20 ಸೆಂ.ಮೀ. ದೂರ, ಹುಡುಕೋ ಹೊತ್ತಿನ್ಯಾಗ 50 ಸೆಂ.ಮೀ., ಇಲ್ಲಂದ್ರ ಸಿಗ್ನಲ್ ಕೆಡತೈತಿ. ಹೊರಡೋ ಮುಂಚೆ ಒಬ್ಬೊಬ್ಬರದೂ ಚಾಲೂ ಐತೇನು ಅಂತ ಪರೀಕ್ಷಾ ಮಾಡಬೇಕು. 30ರಿಂದ 45 ಡಿಗ್ರಿ ಇಳಿಜಾರಿನ್ಯಾಗ ಒಂದ ಸಲಕ್ಕ ಒಂದ ಗಾಡಿ. ಅಂಥಾ ಇಳಿಜಾರಿನ್ಯಾಗ ಒಬ್ಬರು ಸಿಕ್ಕೊಂಡ್ರ ಮ್ಯಾಲ ಹೋಗಿ ಬಿಡಿಸಾಕ ಇನ್ನೊಬ್ಬರು ಹೋಗಬಾರದು. ಅವಲಾಂಚ್ ಕೆನಡಾ ಅನ್ನೋ ಸಂಸ್ಥೆದ ಹಿಮಕುಸಿತದ ಮುನ್ಸೂಚನೆ ದಿನಾ ಬರತೈತಿ, ಅವರ ಆಫೀಸೂ ರೆವೆಲ್‌ಸ್ಟೋಕಿನ್ಯಾಗ ಐತಿ. ಅಪಾಯಕ್ಕ 1ರಿಂದ 5ರ ಅಂಕಿ, 5 ಅಂದ್ರ ಎಲ್ಲಾಕ್ಕಿಂತ ಹೆಚ್ಚು. 3 ಇದ್ರೂ ಮಂದಿ ಹೋಗತಾರ, ಸಾಯೋರ ಪೈಕಿ ಭಾಳ ಜನ ಅಂಥಾ ದಿನದಾಗೇ ಸಾಯತಾರ.

ಇಷ್ಟೆಲ್ಲ ಬರದು ನಿನ್ನ ಹೆದರಸಾಕತ್ತೀನೇನೋ. ಹೆದರಿಕಿ ಹಚ್ಚೋದು ನನ್ನ ಉದ್ದೇಶ ಅಲ್ಲ, ಆ ಕಡೀ ಜಾಗ ಬಿಡಸೋದಷ್ಟ. ಲೀಡರ್‌ಗ ನೀ ಜಗಳ ತಗಿಯೋ ಕಾರಣಿಲ್ಲ, ಎರಡು ಮಾತು ಕೇಳು: ಕಡೀಕ ಯಾರು, ಅವರ ಹತ್ರ ಏನೇನೈತಿ? ಆಮ್ಯಾಲ, ತನ್ನ ಹಿಂದಿನವರು ಕಾಣಲಿಲ್ಲಂದ್ರ ಪ್ರತಿಯೊಬ್ಬರೂ ನಿಲ್ಲತಾರೇನು? ಈ ಎರಡನೇದು ದೊಡ್ಡ ಮಾತು. ಒಬ್ಬೊಬ್ಬರಿಗೆ ಹಿಂದಿನ ಒಬ್ಬರ ಜವಾಬ್ದಾರಿ. ನಾಕನೇದವ ಐದನೇದವನ್ನ ಕಾಣದ ನಿಂತ, ಮೂರನೇದವ ನಾಕನೇದವನ್ನ ಕಾಣದ ನಿಂತ, ಹಂಗ ಇಡೀ ಸಾಲು ತಾನ ನಿಲ್ಲತೈತಿ. ದಾರಿ ಒಡಿಯೋ ಕಡೆ ಹಿಂದಿನವರ ಲೈಟ್ ಕಂಡ ಮ್ಯಾಲೇ ತಿರಗಬೇಕು. ಎದುರಿಂದ ಗಾಡಿ ಬಂದಾಗ ಎಡಗೈ ಮುಷ್ಟಿ ಕಟ್ಟಿ ಎತ್ತಿದ್ರ "ನಾನೇ ಕಡೀ ಗಾಡಿ" ಅಂತ ಅರ್ಥ. ಆ ಮುಷ್ಟಿ ನಿಂದಾಗಬಾರದು. ಅವರು ಒಪ್ಪಲಿಲ್ಲಂದ್ರ ಆ ದಿನ ಊರಾಗ ಉಳಿ.

ಉಳದದ್ದು ನಿನಗ ಗೊತ್ತಿರಬಹುದು, ನೆನಪಾದಷ್ಟು ಬರೀತೀನಿ. ಟೆದರ್ ಅನ್ನೋ ಸುರುಳಿ ದಾರ ಜಾಕೀಟಿಗೆ ಸಿಗಸು, ಬಿದ್ದ ಕೂಡ್ಲೆ ಎಂಜಿನ್ ಆರತೈತಿ. ಎಂಜಿನ್ ಚಾಲೂ ಮಾಡೋ ಮುಂಚೆ ಥ್ರಾಟಲ್ ಒತ್ತಿ ಬಿಟ್ಟು ನೋಡು, ಬರಫ್ ಹಿಡದಿದ್ರ ವಾಪಸ್ ಬರಂಗಿಲ್ಲ. ಪೆಟ್ರೋಲ್ ಮೂರನೇ ಒಂದು ಪಾಲು ಹೋಗಾಕ, ಒಂದು ಪಾಲು ಬರಾಕ, ಒಂದು ಪಾಲು ಕೈಯಾಗ. ಹತ್ತಿ ಬಟ್ಟಿ ಒಳಗೂ ಬ್ಯಾಡ, ಬೆವರು ಹೀರಿ ತಂಪಾಗತೈತಿ, ಉಣ್ಣಿದು ಹಾಕ್ಕೋ. ಮೈನಸ್ 15 ಇದ್ದಾಗ ಗಂಟೆಗೆ 60 ಕಿ.ಮೀ. ಗಾಳಿ ಮುಖಕ್ಕ ಹೊಡದ್ರ ಮೈನಸ್ 30ರ ಚಳಿ ಹತ್ತತೈತಿ. ಗಾಳಿ ನಿಂತಿದ್ರೂ ಗಾಡಿ ಓಟಾನೇ ಆ ಗಾಳಿ. ಗಟ್ಟಿ ಬರಫಿನ ಮ್ಯಾಲ ಭಾಳ ಹೊತ್ತು ಓಡಿಸಿದ್ರ ಎಂಜಿನ್ ಕಾಯತೈತಿ, ಟ್ರ್ಯಾಕ್ ಎರಚೋ ಹಿಮಾನೇ ಅದನ್ನ ತಂಪು ಮಾಡೋದು. ಎಂಜಿನ್ ಕಾದ ಲೈಟ್ ಹತ್ತಿದ್ರ ಮೆತ್ತನ ಹಿಮಕ್ಕ ಇಳಿಸು.

ಬಾಡಿಗಿ ಗಾಡಿ ಇದ್ರ ತಗೊಳ್ಳೋ ಮುಂಚೆ ನಾಕೂ ಕಡೆ ಫೋಟೋ ಹೊಡಕೋ. ಬೆಲ್ಟ್ ಹರದ್ರ, ಸ್ಕೀ ಡೊಂಕಾದ್ರ ರೊಕ್ಕ ಯಾರದು ಅಂತ ಕಾಗದದ ಮ್ಯಾಲ ಬರಸ್ಕೋ.

ಇಂತಿ ನಿನ್ನ
ಕಾಕಾ